ಒಬ್ಬನೇ ಮಗ, ಮಾತು ತಡ: ಹಾಸನದಿಂದ ಮೈಸೂರಿಗೆ ನಮ್ಮ ಓಡಾಟ

ಕಳೆದ ವಾರ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗನ ಫಾಲೋಅಪ್ ಮುಗಿಸಿಕೊಂಡು ಬಂದೆವು. ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು ಅಂದರು. ಫೈಲನ್ನು ಬೀರುವಿನಲ್ಲಿ ಇಡುವಾಗ ಇದನ್ನೆಲ್ಲ ಬರೆಯಬೇಕು ಅನ್ನಿಸಿತು. ಯಾಕೆಂದರೆ ಒಂದೂವರೆ ವರ್ಷದ ಹಿಂದೆ ರಾತ್ರಿ ಹನ್ನೆರಡಕ್ಕೆ ಮಗನ ಪಕ್ಕದಲ್ಲಿ ಮಲಗಿ, ಬೆಳಕು ಅವನ ಮುಖಕ್ಕೆ ಬೀಳದ ಹಾಗೆ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಮೂರು ವರ್ಷ ಆಗ್ತಾ ಬಂದರೂ ಮಗು ಮಾತಾಡ್ತಿಲ್ಲ" ಅಂತ ಹುಡುಕುತ್ತಿದ್ದಾಗ ನನಗೆ ಸಿಕ್ಕಿದ್ದು ಒಂದೋ ಹೆದರಿಸುವ ವಿಡಿಯೋಗಳು, ಇಲ್ಲಾಂದ್ರೆ ಟಾನಿಕ್ ಜಾಹೀರಾತುಗಳು. ಎಲ್ಲಿಗೆ ಹೋಗಬೇಕು, ಏನು ತಗೊಂಡು ಹೋಗಬೇಕು, ಅಲ್ಲಿ ಏನೇನು ಮಾಡುತ್ತಾರೆ ಅಂತ ನಮ್ಮಂಥವರು ಹೇಳಿದ್ದು ಒಂದೂ ಸಿಗಲಿಲ್ಲ.

ಮಗ ಹುಟ್ಟಿದ್ದು 2021ರ ಮಾರ್ಚ್. ಮನೆಯಲ್ಲಿ ನಾನು, ನಮ್ಮನೆಯವರು, ಅತ್ತೆ. ಹತ್ತಿರದಲ್ಲಿ ಆಡೋಕೆ ಮಕ್ಕಳಿಲ್ಲ, ಎದುರು ಮನೆಯವರು ರಿಟೈರ್ ಆದವರು, ಪಕ್ಕದ ಸೈಟು ಖಾಲಿ. ನಡೆಯೋದು, ಓಡೋದು, ಹತ್ತೋದು ಎಲ್ಲ ಸಮಯಕ್ಕೆ ಸರಿಯಾಗಿ ಆಯಿತು. ಮಾತು ಮಾತ್ರ ಇಲ್ಲ. ಒಂದೂವರೆ ವರ್ಷಕ್ಕೆ "ಮ್ಮ" ಅನ್ನುತ್ತಿದ್ದ, ಅದು ನನಗೂ ಹೌದು, ಹಾಲಿಗೂ ಹೌದು, ಬೆಕ್ಕಿಗೂ ಹೌದು. ಎರಡು ವರ್ಷಕ್ಕೂ ಅದೇ "ಮ್ಮ".

ಎಲ್ಲರ ಹತ್ತಿರಾನೂ ಒಂದೊಂದು ಕಾರಣ ಇತ್ತು. ಗಂಡು ಮಕ್ಕಳು ತಡ. ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು. (ಇದು ನಿಜ ಅಲ್ಲ, ಆಮೇಲೆ ಅತ್ತೆಯವರ ಅಕ್ಕನನ್ನು ಕೇಳಿದಾಗ ಎರಡೂವರೆ ಅಂದರು.) ನಾಲಿಗೆ ಅಂಟಿಕೊಂಡಿದೆ, ದಾರ ಕತ್ತರಿಸಿಸಿ. ಬಜೆ ತೇಯ್ದು ನಾಲಿಗೆಗೆ ಹಚ್ಚಿ. ಬಜೆಯನ್ನು ಅತ್ತೆ ಎರಡು ತಿಂಗಳು ತಪ್ಪದೆ ಹಚ್ಚಿದರು, ಅವನು ಆ ಸಾಣೆಕಲ್ಲು ಕಂಡರೆ ಮಂಚದ ಕೆಳಗೆ ಹೋಗುತ್ತಿದ್ದ. ಇದೆಲ್ಲ ನಡೀತದೆ ಬಿಡಿ. ನನಗೆ ತಡೆಯೋಕಾಗದೇ ಇದ್ದದ್ದು ಒಂದೇ ಮಾತು: "ಒಂಟಿ ಮಗು, ಅದಕ್ಕೇ ಮಾತು ಬಂದಿಲ್ಲ. ಇನ್ನೊಂದು ಮಾಡ್ಕೊಳ್ಳಿ, ತಾನೇ ಮಾತಾಡ್ತಾನೆ." ಮದುವೆ ಮನೆ, ನಾಮಕರಣ, ಸಂತೆ, ಎಲ್ಲೇ ಸಿಗಲಿ ಇದೇ. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆ ನನ್ನ ಗರ್ಭಕೋಶ ತೆಗೆದಿದ್ದರು. ಅದು ನಮ್ಮ ಮೂರು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ನಗುತ್ತಾ "ನೋಡೋಣ" ಅಂತ ಹೇಳಿ ಬರುತ್ತಿದ್ದೆ. ಒಂದೇ ಮಗು ಅಂತ ಮಾತು ತಡ ಆಗೋದಿಲ್ಲ ಅಂತ ನನಗೆ ಮೊದಲು ಹೇಳಿದವರು ಮೈಸೂರಿನವರು. ಅದನ್ನು ಕೇಳೋಕೆ ನನಗೆ ಮೂರು ವರ್ಷ ಹಿಡಿಯಿತು.

ಎರಡು ವರ್ಷ ತುಂಬಿದಾಗ ನಾವು ತೋರಿಸುವ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆವು. ಎರಡು ನಿಮಿಷ ನೋಡಿ, "ಚೆನ್ನಾಗಿದ್ದಾನೆ, ಮೂರು ವರ್ಷದವರೆಗೂ ಕಾಯಿರಿ" ಅಂದರು. ನಮಗೂ ಬೇಕಿದ್ದದ್ದು ಅದೇ ಉತ್ತರ. ಖುಷಿಯಾಗಿ ಮನೆಗೆ ಬಂದೆವು. ಈಗ ಲೆಕ್ಕ ಹಾಕಿದರೆ ಹತ್ತು ತಿಂಗಳು ಹಾಗೇ ಹೋಯಿತು.

ಕಾಯಬೇಕಾ, ತೋರಿಸಬೇಕಾ ಅಂತ ಒದ್ದಾಡುತ್ತಿರುವವರಿಗೆ ಇಷ್ಟು ಹೇಳುತ್ತೇನೆ. ಒಂದು ವರ್ಷದ ಸುಮಾರಿಗೆ ಒಂದೆರಡು ಪದ, ಎರಡು ವರ್ಷಕ್ಕೆ ಸುಮಾರು 50 ಪದ ಮತ್ತು "ಅಪ್ಪ ಬಾ", "ಹಾಲು ಬೇಕು" ಅಂತ ಎರಡು ಪದ ಜೋಡಿಸೋದು, ಇದು ಸಾಮಾನ್ಯವಾಗಿ ನೋಡುವ ಅಳತೆ. ಅದಕ್ಕಿಂತ ತುಂಬಾ ಹಿಂದೆ ಇದ್ದರೆ ಕಾಯೋದು ಬೇಡ. ಹೆಸರು ಕರೆದರೆ ತಿರುಗದೇ ಇದ್ದರೆ, ಬೆರಳು ಮಾಡಿ ತೋರಿಸದೇ ಇದ್ದರೆ, ಅಥವಾ ಬಂದ ಮಾತು ನಿಂತು ಹೋದರೆ ಅವತ್ತೇ ಹೊರಡಿ. ತೋರಿಸಿ, ಏನೂ ಇಲ್ಲ ಅಂತ ಅಂದರೆ ನಷ್ಟ ಏನು, ಒಂದು ದಿನದ ರಜೆ ಅಷ್ಟೇ ತಾನೇ?

ಮೂರು ವರ್ಷ ಹತ್ತಿರ ಬಂದಾಗ ಭಯ ಹತ್ತಿತು. ಮೊದಲು ಹೋಗಿದ್ದು ಬೆಂಗಳೂರಿನ ಒಂದು ಖಾಸಗಿ ಸೆಂಟರಿಗೆ, ನಮ್ಮ ನಾದಿನಿ ಮನೆ ಹತ್ತಿರ. ಕಿವಿ ಪರೀಕ್ಷೆ ಬಗ್ಗೆ ಒಂದು ಮಾತು ಎತ್ತಲಿಲ್ಲ, ಅರ್ಧ ಗಂಟೆ ಆಟ ಆಡಿಸಿ, 60 ಸೆಷನ್ ಪ್ಯಾಕೇಜು, 54 ಸಾವಿರ, ಮುಂಗಡ ಕಟ್ಟಿದರೆ 45 ಅಂದರು. ನಮ್ಮನೆಯವರು ಕಾರ್ಡ್ ತೆಗೆದೇಬಿಟ್ಟಿದ್ದರು. ಹಾಸನದಿಂದ ವಾರಕ್ಕೆ ಮೂರು ಸಲ ಹೇಗೆ ಬರೋದು ಅಂತ ನಾನು ಕೇಳಿದ್ದಕ್ಕೆ "ಶಿಫ್ಟ್ ಆಗಿ ಮೇಡಂ, ಮಗು ಮುಖ್ಯ ಅಲ್ವಾ" ಅಂದರು. ಅದು ನನಗೆ ಚುಚ್ಚಿತು. ಎದ್ದು ಬಂದೆವು. ಯಾರೇ ಆಗಲಿ, ಮಾತು ಬಾರದ ಮಗುವಿಗೆ ಕಿವಿ ಪರೀಕ್ಷೆ ಮಾಡಿಸದೆ ಥೆರಪಿಗೆ ದುಡ್ಡು ಕಟ್ಟಿಸಿಕೊಳ್ಳೋಕೆ ಬಂದರೆ ಅಲ್ಲಿಂದ ಎದ್ದು ಬನ್ನಿ.

ಮೈಸೂರಿಗೆ ಹೋಗಿ ಅಂದವರು ನಮ್ಮ ಆಫೀಸಿನ ಅಟೆಂಡರ್. ಅವರ ಅಣ್ಣನ ಮಗಳಿಗೆ ಕಿವಿ ಕೇಳುತ್ತಿರಲಿಲ್ಲ, ಅಲ್ಲೇ ತೋರಿಸಿದ್ದರಂತೆ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಮಾನಸಗಂಗೋತ್ರಿಯಲ್ಲಿದೆ, 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಪೇಪರಿನಲ್ಲಿ "ಆಯಿಷ್" ಅಂತ ಬರೆಯುತ್ತಾರೆ, ಆಟೋದವರಿಗೆ "ಸ್ಪೀಚ್ ಅಂಡ್ ಹಿಯರಿಂಗ್" ಅಂದರೆ ಸಾಕು. ಹಾಸನದಿಂದ ಮೂರು ಗಂಟೆ ದೂರದಲ್ಲಿ ಇಂಥದ್ದೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ, ನಾಚಿಕೆ ಆಯಿತು.

2024ರ ಜನವರಿ. ಬೆಳಗಿನ ಐದು ಗಂಟೆ ಬಸ್ಸು. ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಇಲ್ಲ, ಮಗ ಚಿಕ್ಕವನು ಅವನಿಗೂ ಇಲ್ಲ, ನಮ್ಮನೆಯವರದ್ದೊಂದೇ ಟಿಕೆಟ್. (ಆಧಾರ್ ಮರೆಯಬೇಡಿ, ನಾನು ಒಂದು ಸಲ ಮರೆತು ದುಡ್ಡು ಕೊಟ್ಟೆ.) ಬೇಗ ಹೋಗಿದ್ದು ಒಳ್ಳೇದಾಯಿತು, ಒಂದೇ ದಿನದಲ್ಲಿ ಮೂರ್ನಾಲ್ಕು ಕಡೆ ಓಡಾಡೋದಿರುತ್ತದೆ. ಹೆಸರು ನೋಂದಾಯಿಸಿ ಒಂದು ನಂಬರ್ ಕೊಡುತ್ತಾರೆ, ಆ ನಂಬರೇ ಕೊನೆಯವರೆಗೂ. ನಾನು ಅದನ್ನು ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟೆ. ಫೀಸು ನಾವು ಬೆಂಗಳೂರಿನಲ್ಲಿ ಕೇಳಿದ್ದರ ಮುಂದೆ ಏನೂ ಅಲ್ಲ. ಬಿಪಿಎಲ್ ಕಾರ್ಡ್ ಇರುವವರು ಜೊತೆಗೆ ಇಟ್ಟುಕೊಂಡು ಹೋಗಿ, ರಿಯಾಯಿತಿ ಕೇಳಿ.

ಇಲ್ಲಿ ದಾಖಲೆ ವಿಷಯ ಹೇಳಿಬಿಡುತ್ತೇನೆ. ಮಗುವಿನ ಆಧಾರ್, ನಮ್ಮ ಆಧಾರ್, ಜನನ ಪ್ರಮಾಣಪತ್ರ ಇವೆಲ್ಲ ಎಲ್ಲರೂ ತಗೊಂಡು ಹೋಗುತ್ತಾರೆ. ನಾನು ಬಿಟ್ಟು ಹೋಗಿದ್ದು ತಾಯಿ ಕಾರ್ಡ್ ಮತ್ತು ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ಅವರು ಮೊದಲು ಕೇಳಿದ್ದೇ ಅದನ್ನು. ಹುಟ್ಟಿದ ತಕ್ಷಣ ಅತ್ತನಾ, ತೂಕ ಎಷ್ಟಿತ್ತು, ಕಾಮಾಲೆ ಆಗಿತ್ತಾ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಾ, ಫಿಟ್ಸ್ ಬಂದಿತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ಮಾತು ತಡವಾಗಿತ್ತಾ. ಹೆರಿಗೆ ದಿನ ನನಗೆ ಎಚ್ಚರವೇ ಇರಲಿಲ್ಲ, ನಾನೇನು ಹೇಳಲಿ? ಅತ್ತೆಗೆ ಫೋನ್ ಮಾಡಿ ಕಾರಿಡಾರಿನಲ್ಲಿ ನಿಂತು ಕೇಳಿಕೊಂಡು ಹೇಳಿದೆ. ಇನ್ನೊಂದು, ಮನೆಯಲ್ಲಿ ಮಗು ಆಡುವ, ಗಲಾಟೆ ಮಾಡುವ ವಿಡಿಯೋ ಎರಡು ಮೂರು ಫೋನಿನಲ್ಲಿ ಇರಲಿ. ಅಲ್ಲಿ ಹೋದ ಮೇಲೆ ನಮ್ಮವನು ನನ್ನ ಸೀರೆಯೊಳಗೆ ಮುಖ ಹುದುಗಿಸಿ ಅರ್ಧ ಗಂಟೆ ಹೊರಗೆ ಬರಲಿಲ್ಲ. ಅವನು ಹೇಳುವ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳುವಾಗ ನಾವು ಸುಮ್ನೆ ಜಾಸ್ತಿ ಹೇಳಿಬಿಡುತ್ತೇವೆ. ನಾನು "ಹತ್ತು ಪದ ಹೇಳ್ತಾನೆ" ಅಂದೆ. ಬರೆಯಿರಿ ಅಂತ ಪೆನ್ನು ಕೊಟ್ಟರು. ನಾಲ್ಕಕ್ಕೆ ನಿಂತಿತು.

ಕಿವಿ ಪರೀಕ್ಷೆ ನಮಗೆ ದೊಡ್ಡ ತಲೆನೋವಾಯಿತು, ತಪ್ಪೆಲ್ಲ ನಮ್ಮದೇ. ಮೊದಲ ದಿನ ಅವನಿಗೆ ಶೀತ ಇತ್ತು. ಕಿವಿಗೆ ಚಿಕ್ಕ ಬಿರಡೆಯಂಥದ್ದು ಇಟ್ಟು ಒತ್ತಡ ನೋಡುವ ಪರೀಕ್ಷೆಯಲ್ಲಿ ಎರಡೂ ಕಿವಿಯ ಗೆರೆ ಚಪ್ಪಟೆ ಬಂತು. ಕಿವಿತಮಟೆಯ ಹಿಂದೆ ನೀರು ತುಂಬಿಕೊಂಡಿದ್ದರೆ ಹಾಗೆ ಬರುತ್ತದಂತೆ. ಇಎನ್‌ಟಿ ಡಾಕ್ಟರು ನೋಡಿ ಔಷಧಿ ಕೊಟ್ಟು, ಮೂರು ವಾರ ಬಿಟ್ಟು ಬನ್ನಿ ಅಂದರು. ಶೀತ ಇರುವಾಗ ಹೋಗಬೇಡಿ, ಫೋನ್ ಮಾಡಿ ದಿನ ಮುಂದಕ್ಕೆ ಹಾಕಿಸಿಕೊಳ್ಳಿ.

ಎರಡನೇ ಸಲ ಬೆರಾ ಪರೀಕ್ಷೆ. ಹಣೆಗೆ, ಕಿವಿಯ ಹಿಂದೆ ವೈರ್ ಅಂಟಿಸಿ, ಕಿವಿಗೆ ಟಕ ಟಕ ಅಂತ ಸದ್ದು ಬಿಟ್ಟು, ಆ ಸದ್ದು ನರದ ಮೂಲಕ ಮೆದುಳಿಗೆ ಹೋಗುತ್ತಿದೆಯಾ ಅಂತ ಮಷೀನಿನಲ್ಲಿ ಗೆರೆ ನೋಡುತ್ತಾರೆ. ನೋವಿಲ್ಲ. ಆದರೆ ಮಗು ಗಾಢವಾಗಿ ನಿದ್ದೆ ಮಾಡಿರಬೇಕು. ಅದಕ್ಕೆ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗೋಕೆ ಬಿಡಬೇಡಿ, ತಲೆಗೆ ಎಣ್ಣೆ ಹಚ್ಚಬೇಡಿ ಅಂತ ಹೇಳಿ ಕಳಿಸಿದ್ದರು. ನಾವು ಎರಡು ಕಡೆ ಎಡವಿದೆವು. ಮೊದಲನೆಯದಾಗಿ, ಹಿಂದಿನ ರಾತ್ರಿ ಅತ್ತೆ ಪ್ರೀತಿಯಿಂದ ತಲೆ ತುಂಬ ಕೊಬ್ಬರಿ ಎಣ್ಣೆ ಹಚ್ಚಿ ತಟ್ಟಿದ್ದರು. ನಾಲ್ಕು ಗಂಟೆಗೆ ಎದ್ದು ಸೀಗೆಕಾಯಿ ಹಾಕಿ ತಲೆ ಉಜ್ಜಿದೆ. ಎರಡನೆಯದು ಬಸ್ಸು. ಹೊಳೆನರಸೀಪುರದವರೆಗೂ ಕಡಲೆಪುರಿ ತಿನ್ನಿಸಿದೆ. ಕೆ.ಆರ್. ನಗರದವರೆಗೆ ಕಿಟಕಿಯಲ್ಲಿ ಹಸು, ಲಾರಿ ತೋರಿಸಿದೆ. ಆಮೇಲೆ ನಮ್ಮನೆಯವರು ಕೆನ್ನೆ ತಟ್ಟುತ್ತಾ, ನಾನು ಒದ್ದೆ ಕರ್ಚೀಫಿನಲ್ಲಿ ಮುಖ ಒರೆಸುತ್ತಾ, ಪಕ್ಕದ ಸೀಟಿನ ಅಜ್ಜಿ "ಅಯ್ಯೋ ಮಲಗಲಿ ಬಿಡ್ರವ್ವ, ಮಗೀನ ಯಾಕೆ ಹಿಂಸೆ ಮಾಡ್ತೀರ" ಅಂತ ಬೈಯುತ್ತಾ ಇರುವಾಗ ಇಲವಾಲ ದಾಟುತ್ತಿದ್ದ ಹಾಗೆ ಅವನು ನಿದ್ದೆ ಹೋದ. ಹದಿನೈದೇ ನಿಮಿಷ. ಅಷ್ಟು ಸಾಕಾಯಿತು. ಅಲ್ಲಿ ಕತ್ತಲೆ ಕೋಣೆಯಲ್ಲಿ ಸಿರಪ್ ಕೊಟ್ಟರೂ ಎರಡು ಗಂಟೆ ನನ್ನ ಹೊಟ್ಟೆ ಮೇಲೆ ಕುಣಿದ. ಇನ್ನೊಂದು ದಿನಾಂಕ ಬರೆದುಕೊಟ್ಟರು.

ಮೂರನೇ ಸಲ ಬುದ್ಧಿ ಬಂದಿತ್ತು. ಹಿಂದಿನ ದಿನವೇ ಹೋಗಿ ಬಸ್ ಸ್ಟ್ಯಾಂಡ್ ಹತ್ತಿರ 900 ರೂಪಾಯಿಯ ಲಾಡ್ಜಿನಲ್ಲಿ ಉಳಿದೆವು. ರಾತ್ರಿ ಹನ್ನೊಂದರವರೆಗೂ ಆಡಿಸಿ, ನಾಲ್ಕಕ್ಕೆ ಎಬ್ಬಿಸಿ, ಬೆಳಕು ಹರಿಯೋ ಹೊತ್ತಿಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಸಿದೆವು. ಬೆಳ್ಳಕ್ಕಿ ಹಿಂದೆ ಓಡಿ ಓಡಿ ಸುಸ್ತಾದ. ಪರೀಕ್ಷೆಗೆ ಸಿರಪ್ ಕುಡಿದು ಹತ್ತೇ ನಿಮಿಷಕ್ಕೆ ನಿದ್ದೆ. ದೂರದಿಂದ ಬರುವವರು ದಯವಿಟ್ಟು ಹಿಂದಿನ ದಿನವೇ ಬನ್ನಿ, ಲಾಡ್ಜಿನ ದುಡ್ಡು ದಂಡ ಅಲ್ಲ.

ಎರಡೂ ಕಿವಿ ಸರಿಯಾಗಿದೆ ಅಂತ ರಿಪೋರ್ಟ್ ಬಂತು. ನಮ್ಮನೆಯವರು ಕಾರಿಡಾರಿನಲ್ಲೇ ಕುಳಿತು ಅತ್ತರು. ಪಕ್ಕದಲ್ಲಿ ಕಿವಿಗೆ ಮಷೀನ್ ಹಾಕಿಕೊಂಡ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದ ರಾಯಚೂರಿನ ತಾಯಿಯೊಬ್ಬರು ನೀರಿನ ಬಾಟಲಿ ಕೊಟ್ಟರು. ಖುಷಿಗೆ ಅಳುತ್ತಿದ್ದೇವೆ ಅಂತ ಅವರ ಮುಂದೆ ಹೇಳೋಕೆ ಬಾಯಿ ಬರಲಿಲ್ಲ.

ಆಮೇಲೆ ಸೈಕಾಲಜಿ ವಿಭಾಗ. ಹತ್ತು ಆಕಾರದ ಮರದ ತುಂಡುಗಳನ್ನು ಹಲಗೆಯ ಗುಳಿಯಲ್ಲಿ ಕೂರಿಸೋದು, ಅದನ್ನು ಟಪಟಪ ಅಂತ ಮುಗಿಸಿದ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ, ಬೊಂಬೆಗೆ ಊಟ ಮಾಡಿಸೋ ಆಟ ಆಡುತ್ತಾನಾ, ತನಗೆ ಇಷ್ಟವಾದದ್ದನ್ನು ನಮಗೆ ತಂದು ತೋರಿಸುತ್ತಾನಾ ಅಂತೆಲ್ಲ ಗಮನಿಸಿದರು. ಆಟಿಸಂ ಲಕ್ಷಣ ಕಾಣುತ್ತಿಲ್ಲ ಅಂದರು. ಅಲ್ಲಿಗೆ ನಾನು ಗೆದ್ದೆ ಅಂದುಕೊಂಡಿದ್ದೆ. ಆಮೇಲೆ ನನ್ನನ್ನು ಕೂರಿಸಿಕೊಂಡು ಪ್ರಶ್ನೆ ಶುರು ಮಾಡಿದರು.

ತಾನೇ ಊಟ ಮಾಡ್ತಾನಾ? ಇಲ್ಲ, ನಾನು ತಿನ್ನಿಸ್ತೀನಿ. ಲೋಟದಲ್ಲಿ ನೀರು ಕುಡೀತಾನಾ? ಚೆಲ್ಲುತ್ತಾನೆ ಅಂತ ಬಾಟಲಿನಲ್ಲಿ ಕೊಡ್ತೀವಿ. ಚಪ್ಪಲಿ? ಅವರಜ್ಜಿ ಹಾಕ್ತಾರೆ. ಚಡ್ಡಿ ಬಿಚ್ಚುತ್ತಾನಾ? ಇಲ್ಲ. ಬಾಯಾರಿಕೆ ಆದರೆ ಏನು ಮಾಡ್ತಾನೆ?

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಬಾಯಾರಿಕೆ ಆಗೋಕೆ ನಾವು ಬಿಟ್ಟೇ ಇರಲಿಲ್ಲ. ಮೂರು ಜನ ದೊಡ್ಡವರು, ಒಂದು ಮಗು. ಅವನು ಫ್ರಿಜ್ ಕಡೆ ನೋಡಿದರೆ ನಾನು ಬಾಗಿಲು ತೆಗೆಯುತ್ತಿದ್ದೆ. ಕೈ ಹಿಡಿದು ಎಳೆದರೆ ಅಜ್ಜಿ ಬಿಸ್ಕತ್ ಡಬ್ಬ ತರುತ್ತಿದ್ದರು. ಮಾತಾಡಬೇಕಾದ ಅವಶ್ಯಕತೆಯೇ ಆ ಮನೆಯಲ್ಲಿ ಇರಲಿಲ್ಲ. ಒಂದೇ ಮಗು ಆಗಿದ್ದಕ್ಕೆ, ಇಲ್ಲಾಂದ್ರೆ ನೀವು ಮುದ್ದು ಮಾಡಿದ್ದಕ್ಕೆ ತಡ ಆಯಿತು ಅಂತ ಅಲ್ಲ, ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಆದರೆ ಕಲಿಯೋ ಅವಕಾಶ ಕೊಡಬೇಕಲ್ವಾ ಅಂತ ಅವರು ಮೆತ್ತಗೆ ಹೇಳಿದರು.

ಕೊನೆಗೆ ಬರೆದದ್ದು ಇಷ್ಟು: ಅರ್ಥ ಮಾಡಿಕೊಳ್ಳುವುದು ಎರಡು ವರ್ಷದ ಮಗುವಿನ ಮಟ್ಟ, ಮಾತಾಡುವುದು ಒಂದು ವರ್ಷದ ಮಗುವಿನ ಮಟ್ಟ. ಅವನಿಗೆ ಆಗ ಎರಡು ವರ್ಷ ಹನ್ನೊಂದು ತಿಂಗಳು. ವಾರಕ್ಕೆ ಕೆಲವು ದಿನ ಥೆರಪಿ, ಅದಕ್ಕಿಂತ ಹೆಚ್ಚಾಗಿ ತಾಯಿ ಕಲಿಯಬೇಕು ಅಂದರು.

ಹೀಗೆ ನಾನು ಮೈಸೂರಿಗೆ ಬಂದೆ. ಏಪ್ರಿಲಿನಿಂದ ಜುಲೈವರೆಗೆ ನಾಲ್ಕು ತಿಂಗಳು ಸಂಬಳ ಇಲ್ಲದ ರಜೆ. ಬೋಗಾದಿ ಕಡೆ ಒಂದು ರೂಮು, ತಿಂಗಳಿಗೆ 4,500, ಅಡ್ವಾನ್ಸ್ 20 ಸಾವಿರ. ಒಂದು ಗ್ಯಾಸ್ ಒಲೆ, ಒಂದು ಚಾಪೆ, ಒಂದು ಕುಕ್ಕರ್. ಅಕ್ಕಪಕ್ಕದ ರೂಮುಗಳಲ್ಲೂ ನನ್ನಂಥವರೇ, ಬಳ್ಳಾರಿಯವರು, ಕೇರಳದವರು, ಒಬ್ಬರು ಒಡಿಶಾದವರು, ಎಲ್ಲರ ಗಂಡಂದಿರೂ ಊರಿನಲ್ಲಿ ದುಡಿಯುತ್ತಿದ್ದರು. ಸಂಜೆ ಆರಕ್ಕೆ ಎಲ್ಲ ಮಕ್ಕಳೂ ಕಾಂಪೌಂಡಿನಲ್ಲಿ ಸೇರುತ್ತಿದ್ದವು. ಮಾತಿಲ್ಲದ ಐದಾರು ಮಕ್ಕಳು ಸೇರಿದರೆ ಎಷ್ಟು ಗಲಾಟೆ ಆಗುತ್ತದೆ ಅಂತ ಅಲ್ಲಿ ನೋಡಬೇಕು. ನನ್ನ ಮಗನಿಗೆ ಜೊತೆಗಾರರು ಅಂತ ಮೊದಲು ಸಿಕ್ಕಿದ್ದು ಅಲ್ಲೇ.

ಥೆರಪಿ ಮಾಡುವವರು ಹೆಚ್ಚಾಗಿ ಅಲ್ಲೇ ಓದುವ ಹುಡುಗಿಯರು, ಮೇಲೆ ಹಿರಿಯರು ನೋಡಿಕೊಳ್ಳುತ್ತಾರೆ. ನಮಗೆ ಬಂದ ಹುಡುಗಿಗೆ ಇಪ್ಪತ್ತೆರಡು ಇರಬಹುದು. ಇಷ್ಟು ಚಿಕ್ಕವಳು ಏನು ಕಲಿಸುತ್ತಾಳೆ ಅಂತ ಮೊದಲ ದಿನ ಅನ್ನಿಸಿತು, ಸುಳ್ಳು ಹೇಳಲ್ಲ. ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬ ತೆಗೆದಳು. ಒಳಗೆ ಒಂದು ಚಿಕ್ಕ ಕೆಂಪು ಕಾರು ಕಾಣುತ್ತಿದೆ. ಮುಚ್ಚಳ ಬಿಗಿ. ಅವನ ಮುಂದೆ ಇಟ್ಟು ಸುಮ್ಮನೆ ಕುಳಿತಳು. ಅವನು ತಿರುಗಿಸಿದ, ಕಚ್ಚಿದ, ನೆಲಕ್ಕೆ ಕುಟ್ಟಿದ, ತಂದು ನನ್ನ ಕೈಗೆ ಕೊಟ್ಟ. ನನ್ನ ಕೈ ತಾನಾಗೇ ಮುಚ್ಚಳಕ್ಕೆ ಹೋಯಿತು. "ಅಮ್ಮಾ, ಕೈ ಕಟ್ಟಿಕೊಳ್ಳಿ" ಅಂದಳು. ಹತ್ತು ಎಣಿಸಿದಳು. ಆಮೇಲೆ ಅವನ ಮುಖದ ಮಟ್ಟಕ್ಕೆ ಬಗ್ಗಿ "ತೆಗಿ" ಅಂದು ಮುಚ್ಚಳ ತೆಗೆದಳು. ಅವನು ಏನೂ ಅನ್ನಲಿಲ್ಲ. ಕಾರು ಕೊಟ್ಟಳು. ಮತ್ತೆ ಡಬ್ಬಕ್ಕೆ ಹಾಕಿದಳು. ಇಪ್ಪತ್ತು ಸಲ. ಹೇಳದೇ ಇದ್ದರೆ ಕೊಡಲ್ಲ ಅಂತ ಹಠ ಮಾಡೋದಲ್ಲ ಇದು, ನಾನು ಹಾಗೆ ತಪ್ಪು ತಿಳಿದುಕೊಂಡು ಮನೆಯಲ್ಲಿ ಎರಡು ದಿನ ಅವನನ್ನು ಅಳಿಸಿದೆ. ಒಂದು ಗಳಿಗೆ ಕಾಯಬೇಕು, ಆ ಪದವನ್ನು ನಾವೇ ಹೇಳಿ ಕೊಟ್ಟುಬಿಡಬೇಕು.

ರೂಮಿಗೆ ಬಂದು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಕೋಡುಬಳೆ ಹಾಕಿ, ಮುಚ್ಚಳ ಬಿಗಿ ಮಾಡಿ, ಅವನಿಗೆ ಎಟುಕುವ ಕಡೆ ಇಟ್ಟೆ. ಹತ್ತು ಎಣಿಸೋದು ಹೇಳಿದಷ್ಟು ಸುಲಭ ಇಲ್ಲ. ನಾಲ್ಕಕ್ಕೇ ನನ್ನ ಬಾಯಿ ತೆರೆಯುತ್ತಿತ್ತು.

ಅಲ್ಲಿ ಕಲಿತದ್ದರಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕೆಲವೇ. "ಇದೇನು? ಅದೇನು? ಹೇಳು, ಹೇಳು" ಅಂತ ಪರೀಕ್ಷೆ ಮಾಡೋದನ್ನು ನಿಲ್ಲಿಸಿದೆ. ಅದರ ಬದಲು ನಾನು ಮಾಡುತ್ತಿರುವುದನ್ನೇ ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳಿಕೊಳ್ಳೋದು: ಈರುಳ್ಳಿ ಕತ್ತರಿಸಿದೆ, ಎಣ್ಣೆ ಕಾಯ್ತು, ಸಾಸಿವೆ ಚಟಪಟ. ಪಕ್ಕದ ರೂಮಿನವರು ನನಗೆ ಹುಚ್ಚು ಅಂದುಕೊಂಡಿರಬೇಕು, ಆಮೇಲೆ ಅವರೂ ಅದನ್ನೇ ಮಾಡುತ್ತಿದ್ದರು. ಅವನು ಒಂದು ಪದ ಅಂದರೆ ನಾನು ಒಂದು ಸೇರಿಸಿ ಅನ್ನೋದು. "ಬಾಳೆಹಣ್ಣಾ, ದೋಸೆನಾ?" ಅಂತ ಎರಡನ್ನೂ ಕೈಯಲ್ಲಿ ಹಿಡಿದು ಕೇಳೋದು. ಶಿಶುಗೀತೆ ಹೇಳಿ ಕೊನೆಯ ಪದ ಬಿಟ್ಟು ಅವನ ಮುಖ ನೋಡೋದು.

ಫೋನು. ಇದನ್ನು ಒಪ್ಪಿಕೊಳ್ಳೋಕೆ ಕಷ್ಟ. ಊಟಕ್ಕೆ, ನಿದ್ದೆಗೆ, ನಾನು ಆಫೀಸಿನಿಂದ ಬಂದು ಅಡುಗೆ ಮಾಡುವಾಗ, ಎಲ್ಲ ಸೇರಿ ದಿನಕ್ಕೆ ಮೂರು ಗಂಟೆ ನೋಡುತ್ತಿದ್ದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಚಿಕ್ಕವರಿಗೆ ಬೇಡವೇ ಬೇಡ ಅಂತ. ಇಂಗ್ಲಿಷ್ ರೈಮ್ಸ್ ರಾಗ ಎಲ್ಲ ಗುನುಗುತ್ತಿದ್ದ, "ನೀರು" ಅನ್ನೋಕೆ ಬರುತ್ತಿರಲಿಲ್ಲ. ನಾವೂ ಮುಂದೆ ಸ್ಕೂಲಿಗೆ ಆಗಲಿ ಅಂತ "ಕಮ್", "ಸಿಟ್", "ಆ್ಯಪಲ್" ಅನ್ನುತ್ತಿದ್ದೆವು. ಎರಡು ಭಾಷೆಯಿಂದ ಮಾತು ತಡ ಆಗಲ್ಲ, ಆದರೆ ನಿಮಗೆ ಸಲೀಸಾಗಿ ಬರೋ ಭಾಷೆಯಲ್ಲಿ ಅವನ ಜೊತೆ ಮಾತಾಡಿ ಅಂದರು. ಅವತ್ತಿನಿಂದ ಬರೀ ಕನ್ನಡ. ಫೋನ್ ಬಿಡಿಸಿದ ಮೊದಲ ಐದು ದಿನ ನರಕ. ಆರನೇ ದಿನ ಪಾತ್ರೆ ತೊಳೆಯೋಕೆ ಬಂದು ಕುಳಿತ.

ಮೇ ತಿಂಗಳ ಕೊನೆ, ಒಂದು ಸಂಜೆ ಕರೆಂಟ್ ಹೋಗಿತ್ತು. ಕತ್ತಲಲ್ಲಿ ಹಾರ್ಲಿಕ್ಸ್ ಬಾಟಲಿ ಉರುಳಿಸಿಕೊಂಡು ಬಂದು ನನ್ನ ಕಾಲಿಗೆ ತಗುಲಿಸಿ, "ತೆಯಿ" ಅಂದ. ನನಗೆ ಕೇಳಿಸಿದ್ದು ಹೌದಾ ಅಂತ ಸುಮ್ಮನೆ ನಿಂತೆ. ಅವನಿಗೆ ಸಿಟ್ಟು ಬಂತು. "ತೆಯೀ!" ಅಂತ ಕಿರುಚಿದ. ಆ ರಾತ್ರಿ ಅವನು ಆರು ಕೋಡುಬಳೆ ತಿಂದ, ಒಂದೊಂದಕ್ಕೂ ಮುಚ್ಚಳ ಹಾಕಿ ಹಾಕಿ ಕೊಟ್ಟೆ. ಮಾರನೇ ದಿನ ಹೊಟ್ಟೆ ಕೆಟ್ಟಿತ್ತು, ಅದು ಬೇರೆ ವಿಷಯ.

ಎರಡನೇ ಹೊಸ ಪದ "ಬೇಡ". ಆಮೇಲೆ ಒಂದು ತಿಂಗಳು ಬರೀ ಬೇಡ.

ಆಗಸ್ಟಿನಲ್ಲಿ ಹಾಸನಕ್ಕೆ ವಾಪಸ್. ಇಲ್ಲಿ ವಾರಕ್ಕೆ ಎರಡು ದಿನ ಒಬ್ಬ ಥೆರಪಿಸ್ಟ್, ಮುಕ್ಕಾಲು ಗಂಟೆಗೆ 500, ತಿಂಗಳಿಗೆ ಸುಮಾರು ನಾಲ್ಕು ಸಾವಿರ. ನಮ್ಮ ಇನ್ಶೂರೆನ್ಸಿನಿಂದ ಒಂದು ಪೈಸೆ ಬರಲಿಲ್ಲ, ಅಡ್ಮಿಟ್ ಆಗಿಲ್ಲವಲ್ಲ ಅಂದರು. ಮನೆಯಲ್ಲಿ ದೊಡ್ಡ ಕೆಲಸ ಅತ್ತೆಯವರನ್ನು ಒಪ್ಪಿಸೋದಾಗಿತ್ತು. "ಇರೋದೊಂದು ಮಗು, ಅದನ್ನೂ ಯಾಕಮ್ಮ ಗೋಳಾಡಿಸ್ತೀಯ" ಅಂತ ನಾನಿಲ್ಲದಾಗ ಮುಚ್ಚಳ ಸಡಿಲ ಮಾಡಿಡುತ್ತಿದ್ದರು. ಜಗಳ ಆಡಿದೆ, ಉಪಯೋಗ ಆಗಲಿಲ್ಲ. ಒಂದು ಫಾಲೋಅಪ್ಪಿಗೆ ಅವರನ್ನೇ ಕರೆದುಕೊಂಡು ಹೋದೆ. ಆ ಹುಡುಗಿ ಅವರಿಗೇ ಡಬ್ಬ ಕೊಟ್ಟು "ಅಜ್ಜಿ, ನೀವು ಮಾಡಿ ನೋಡೋಣ" ಅಂದಳು. ಮೊಮ್ಮಗ ಅವರ ಮುಖ ನೋಡಿ "ಅಜ್ಜಿ ತೆಯಿ" ಅಂದ. ಎರಡು ಪದ ಜೋಡಿಸಿದ್ದು ಅದೇ ಮೊದಲು, ನನ್ನ ಜೊತೆ ಅಲ್ಲ, ಅವರ ಜೊತೆ. ಈಗ ಮುಚ್ಚಳದ ಉಸ್ತುವಾರಿ ಅವರದ್ದೇ. ನನಗೇ ಬೈಯುತ್ತಾರೆ, ಅವಸರ ಮಾಡಬೇಡ, ಎಣಿಸು ಅಂತ.

ಸ್ಕೂಲ್ ವಿಷಯ ಬೇಗ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಒಂದು ಖಾಸಗಿ ಸ್ಕೂಲಿನಲ್ಲಿ ಅವನ ಎದುರಿಗೇ "ಮಾತು ಬಂದ ಮೇಲೆ ಕರ್ಕೊಂಡು ಬನ್ನಿ, ಬೇರೆ ಮಕ್ಕಳಿಗೆ ತೊಂದರೆ ಆಗುತ್ತೆ" ಅಂದರು. ಅವನಿಗೆ ಮಾತು ಬರಲ್ಲ, ಆದರೆ ಅರ್ಥ ಆಗುತ್ತದೆ. ಮನೆಗೆ ಬರೋವರೆಗೂ ನನ್ನ ಕೈ ಬಿಡಲಿಲ್ಲ. ಮಾರನೇ ದಿನ ನಮ್ಮ ಬೀದಿ ಅಂಗನವಾಡಿಗೆ ಕರೆದುಕೊಂಡು ಹೋದೆ. ಟೀಚರು ಒಂದೂ ಪ್ರಶ್ನೆ ಕೇಳಲಿಲ್ಲ, ಚಾಪೆ ಮೇಲೆ ಜಾಗ ಮಾಡಿ ಕೂರಿಸಿದರು. ಇಪ್ಪತ್ತು ಮಕ್ಕಳು. ಅಲ್ಲಿ ಯಾರೂ ಅವನಿಗಾಗಿ ಹತ್ತು ಎಣಿಸಲ್ಲ, ಯಾರೂ ಚಪ್ಪಲಿ ಹಾಕಲ್ಲ, ಮೊಟ್ಟೆ ಬೇಕಾದರೆ ಕೇಳಬೇಕು. "ನಂದು" ಅನ್ನೋ ಪದ ಒಂದೇ ವಾರದಲ್ಲಿ ಬಂತು. ನಾನು ನಾಲ್ಕು ತಿಂಗಳು ಬಡಿದುಕೊಂಡರೂ ಬಂದಿರಲಿಲ್ಲ, ನನ್ನ ಜೊತೆ ಅವನು ಜಗಳ ಆಡಬೇಕಾದ ಸಂದರ್ಭವೇ ಇರಲಿಲ್ಲವಲ್ಲ.

ಅದೇ ಟೀಚರಿಂದ ಇನ್ನೊಂದು ವಿಷಯ ಗೊತ್ತಾಯಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು, ಬೆಳವಣಿಗೆ ತಡ ಇರುವ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ, ಎಲ್ಲ ಉಚಿತ. ಹದಿನೆಂಟು ವರ್ಷದವರೆಗೂ ಇದೆಯಂತೆ. ನಮ್ಮದು ಸಂಬಳದ ಮನೆ, ಅಂಗನವಾಡಿ ನಮಗಲ್ಲ ಅಂದುಕೊಂಡು ಆ ಕಡೆ ತಲೆಯೇ ಹಾಕಿರಲಿಲ್ಲ. ಆ ಜಂಬಕ್ಕೆ ಬೆಲೆ ಕೊಟ್ಟೆವು.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ ಅಂತ ತುಂಬ ಜನ ಹೇಳಿದರು. ಆಟಿಸಂ, ಬುದ್ಧಿಮಾಂದ್ಯತೆ, ಶ್ರವಣದೋಷ ಇರುವ ಮಕ್ಕಳಿಗೆ ಅದು ಬೇಕೇ ಬೇಕು, ಬಿಡಬೇಡಿ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧಗಳಲ್ಲಿ ಮಾತಿನ ಅಂಗವೈಕಲ್ಯ ಅಂದರೆ ಶಾಶ್ವತವಾದದ್ದು, ಧ್ವನಿಪೆಟ್ಟಿಗೆ ತೆಗೆದವರು, ಮೆದುಳಿಗೆ ಪೆಟ್ಟಾಗಿ ಮಾತು ಹೋದವರು ಅಂಥವರದ್ದು. ಬರೀ ಮಾತು ತಡವಾದ ಮಗು ಅದರಲ್ಲಿ ಬರೋದಿಲ್ಲ. ಇದು ಗೊತ್ತಿಲ್ಲದೆ ನಾವು ಮೂರು ದಿನ ಅಲೆದೆವು.

ಈಗ ಅವನಿಗೆ ನಾಲ್ಕು ವರ್ಷ ಮೂರು ತಿಂಗಳು. ಮೂರು ನಾಲ್ಕು ಪದದ ವಾಕ್ಯ ಹೇಳುತ್ತಾನೆ. "ಕ" ಎಲ್ಲ "ತ". ಕಾಗೆ ತಾದೆ, ಕೋಳಿ ತೋಳಿ. ಹೊರಗಿನವರಿಗೆ ಅರ್ಧ ಅರ್ಥ ಆಗಲ್ಲ, ನಾನೇ ತರ್ಜುಮೆ. ಅದಕ್ಕೆ ಬೇರೆ ಅಭ್ಯಾಸ ಕೊಟ್ಟಿದ್ದಾರೆ, ನಡೀತಾ ಇದೆ. ಸಂಬಂಧಿಕರ ಪ್ರಶ್ನೆ ಈಗ ಬದಲಾಗಿದೆ, "ಇನ್ನೂ ತೊದಲು ಮಾತಾ?" ಅಂತ.

ಕಳೆದ ವಾರದ ಬಸ್ಸಿನಲ್ಲಿ ಹೊಳೆನರಸೀಪುರ ದಾಟಿದ ಮೇಲೆ ಟ್ರ್ಯಾಕ್ಟರ್ ಎಣಿಸುತ್ತಿದ್ದ. ಒಂದು ತಾತರ್, ಎಯಡು ತಾತರ್, ಮತ್ತೆ ಒಂದು ತಾತರ್. ಕೆ.ಆರ್. ನಗರದಲ್ಲಿ ಸೌತೆಕಾಯಿ ಬೇಕು ಅಂದ, ಉಪ್ಪು ಬೇಡ ಅಂದ. ಇಲವಾಲ ಹತ್ತಿರ ಬರುತ್ತಿದ್ದ ಹಾಗೆ ಮಾತು ನಿಧಾನ ಆಯಿತು, ತಲೆ ನನ್ನ ತೋಳಿಗೆ ವಾಲಿತು. ಅಭ್ಯಾಸಬಲಕ್ಕೆ ಕೆನ್ನೆ ತಟ್ಟೋಕೆ ಕೈ ಎತ್ತಿದೆ. ಅವತ್ತು ನಿದ್ದೆ ಕಾಯುವ ಯಾವ ಪರೀಕ್ಷೆಯೂ ಇರಲಿಲ್ಲ. ಮಲಗಲಿ ಅಂತ ಬಿಟ್ಟೆ.